ಯಾವ ರೆಸ್ಲಿಂಗ್ ನೋಡೋಣ? ದಸರಾ ಕುಸ್ತಿ ನೋಡಿ ಬೆಳೆದವರಿಗೆ ಒಂದು ಹೋಲಿಕೆ

ವಾರಕ್ಕೆ ಎರಡು ಮೂರು ಗಂಟೆ ಬಿಡುವಿದ್ದರೆ ಯಾವ ರೆಸ್ಲಿಂಗ್ ನೋಡಬೇಕು? ಮೈಸೂರು, ಮಂಡ್ಯದ ಕಡೆ ಈ ಹುಚ್ಚು ಇರುವವರು ಸೇರಿದಾಗ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಕೇಬಲ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಟಿವಿಯಲ್ಲಿ ಬಂದದ್ದನ್ನು ನೋಡುತ್ತಿದ್ದೆವು, ಅಷ್ಟೇ. 2025ರ ಏಪ್ರಿಲ್‌ನಿಂದ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಇ ನಮ್ಮ ದೇಶದಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಅಮೆರಿಕದ ಇನ್ನೊಂದು ಕಂಪನಿ ಎಇಡಬ್ಲ್ಯೂ ಬೇರೆ, ಜಪಾನಿನ ಕಂಪನಿ ನ್ಯೂ ಜಪಾನ್ ಬೇರೆ. ಎಲ್ಲದಕ್ಕೂ ದುಡ್ಡು ಕಟ್ಟಿ, ಎಲ್ಲವನ್ನೂ ನೋಡಿ, ಮಾರನೇ ದಿನ ಕೆಲಸಕ್ಕೂ ಹೋಗೋದು ಆಗದ ಮಾತು. ಯಾವುದಾದರೂ ಒಂದನ್ನು ಹಿಡಿಯಬೇಕು.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಬೇಕಾದವರಿಗೆ ಡಬ್ಲ್ಯೂಡಬ್ಲ್ಯೂಇಯ ದೊಡ್ಡ ಶೋಗಳು ಸಾಕು, ವಾರವಾರದ ಶೋ ಬೇಡ. ಪಟ್ಟು, ವೇಗ, ದಮ್ಮು ಬೇಕಾದವರು ಎಇಡಬ್ಲ್ಯೂ ನೋಡಲಿ. ಎರಡೂ ಒಟ್ಟಿಗೆ ಬೇಕು ಅನ್ನುವವರು ನ್ಯೂ ಜಪಾನಿನ ಕೆಲವು ಹಳೆಯ ಮ್ಯಾಚುಗಳಿಂದ ಶುರು ಮಾಡಲಿ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಈ ಮೂರನೆಯದನ್ನೇ.

ಅಳೆಯೋದು ಹೇಗೆ

ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರು ಅಂತ ಮೊದಲೇ ನಿರ್ಧಾರ ಆಗಿರುತ್ತದೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಯಾರ ಮೇಲೆ ಯಾರು, ಯಾವ ಊರಿನಲ್ಲಿ, ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಅಂತ ಕೂತು ಗೊತ್ತು ಮಾಡುವ ಕೆಲಸವೇ ಬುಕಿಂಗ್. ಹಾಗಾಗಿ ಯಾರು ಗೆದ್ದರು ಅನ್ನುವುದರಿಂದ ಒಂದು ಕಂಪನಿಯನ್ನು ಅಳೆಯಲು ಆಗುವುದಿಲ್ಲ. ನಾನು ನೋಡುವುದು ಬೇರೆ. ಮ್ಯಾಚ್ ಮುಗಿದ ಮೇಲೆ ಸೋತವರ ಬೆಲೆ ಏರಿತಾ, ಇಳಿಯಿತಾ?

ಇದನ್ನು ನಾನು ಕಲಿತದ್ದು ದೊಡ್ಡಕೆರೆ ಮೈದಾನದಲ್ಲಿ, ದೇವರಾಜ ಅರಸು ಕ್ರೀಡಾಂಗಣದ ದಸರಾ ಕುಸ್ತಿ ನೋಡುತ್ತಾ. ಅಲ್ಲಿ ದಸರಾಕ್ಕೆ ಮೊದಲೇ ಜೋಡಿ ಕಟ್ಟುತ್ತಾರೆ. ಗರಡಿಗಳಿಂದ ಬಂದ ಪೈಲ್ವಾನರ ತೂಕ, ವಯಸ್ಸು, ಅನುಭವ ನೋಡಿ, ಯಾರಿಗೆ ಯಾರು ಸರಿಸಾಟಿ ಅಂತ ಹಿರಿಯರು ಹೊಂದಿಸುತ್ತಾರೆ. ಗೆಲುವು ಮಾತ್ರ ಅವರ ಕೈಯಲ್ಲಿಲ್ಲ. ಅದು ಅಖಾಡದ ಮಣ್ಣಿನಲ್ಲೇ ತೀರ್ಮಾನ ಆಗಬೇಕು. ಜೋಡಿ ಸರಿಯಾಗಿ ಬಿದ್ದಿದ್ದರೆ, ಚಿತ್ ಆದವನಿಗೂ ಜನ ಶಿಳ್ಳೆ ಹಾಕುತ್ತಾರೆ. ಜೋಡಿ ತಪ್ಪಿದ್ದರೆ, ಗೆದ್ದವನಿಗೂ ಚಪ್ಪಾಳೆ ಬೀಳುವುದಿಲ್ಲ. ಫಲಿತಾಂಶ ಮೊದಲೇ ಬರೆದಿಟ್ಟ ಅಮೆರಿಕದ, ಜಪಾನಿನ ರೆಸ್ಲಿಂಗ್‌ಗೂ ಈ ಅಳತೆ ಚೆನ್ನಾಗಿ ಹೊಂದುತ್ತದೆ.

ಮೂವರು ಹೋದ ರೀತಿ

ಈ ಮೂರು ಕಂಪನಿಗಳ ಬುದ್ಧಿ ಗೊತ್ತಾಗಬೇಕಾದರೆ, ಮೂವರು ದೊಡ್ಡವರನ್ನು ಅವು ಹೇಗೆ ಕಳಿಸಿಕೊಟ್ಟವು ಅಂತ ನೋಡಿದರೆ ಸಾಕು. ಎರಡೇ ವರ್ಷದೊಳಗೆ ಎಇಡಬ್ಲ್ಯೂದ ಸ್ಟಿಂಗ್, ಡಬ್ಲ್ಯೂಡಬ್ಲ್ಯೂಇಯ ಜಾನ್ ಸೀನಾ, ನ್ಯೂ ಜಪಾನಿನ ಹಿರೋಶಿ ತಾನಾಹಾಶಿ ಮೂವರೂ ನಿವೃತ್ತರಾದರು.

ಸ್ಟಿಂಗ್ ಕೊನೆಯ ಮ್ಯಾಚ್ 2024ರ ಮಾರ್ಚ್ 3ರಂದು, ಎಇಡಬ್ಲ್ಯೂದ ರೆವಲ್ಯೂಷನ್ ಶೋನಲ್ಲಿ. ನಡೆದ ಜಾಗ ಗ್ರೀನ್ಸ್‌ಬರೋ ಕೊಲಿಸಿಯಂ. 1988ರಲ್ಲಿ ರಿಕ್ ಫ್ಲೇರ್ ಜೊತೆ 45 ನಿಮಿಷ ಸೆಣಸಿ ಸಮ ಮಾಡಿಕೊಂಡು ಸ್ಟಿಂಗ್ ಹೆಸರು ಮಾಡಿದ್ದು ಇದೇ ಜಾಗದಲ್ಲಿ. 64ನೇ ವಯಸ್ಸಿನಲ್ಲಿ ಅದೇ ರಿಂಗ್‌ನಲ್ಲಿ, ಡಾರ್ಬಿ ಆಲಿನ್ ಜೊತೆ ಯಂಗ್ ಬಕ್ಸ್ ವಿರುದ್ಧ ಗೆದ್ದು, ಟ್ಯಾಗ್ ಬೆಲ್ಟ್, ಅಂದರೆ ಇಬ್ಬಿಬ್ಬರ ತಂಡದ ಚಾಂಪಿಯನ್ ಪಟ್ಟ, ಉಳಿಸಿಕೊಂಡು ಹೋದರು. ಎಇಡಬ್ಲ್ಯೂಗೆ ಬಂದ ಮೇಲೆ ಅವರು ಸೋತೇ ಇಲ್ಲ. ಹೋಗುವವರನ್ನು ಗೆಲ್ಲಿಸಿದರೆ ಉಳಿದವರಿಗೆ ಏನು ಸಿಕ್ಕಿತು ಅಂತ ಕೇಳಬಹುದು. ಸಿಕ್ಕಿದ್ದು ಡಾರ್ಬಿಗೆ. ಮೂರು ವರ್ಷಕ್ಕೂ ಜಾಸ್ತಿ ಕಾಲ ಸ್ಟಿಂಗ್ ಪಕ್ಕದಲ್ಲಿ ನಿಂತವನು ಅವನು. ಆ ರಾತ್ರಿ ಏಣಿ ಮೇಲಿಂದ ಗಾಜಿನ ಮೇಲೆ ಬಿದ್ದವನೂ ಅವನೇ. ಯಂಗ್ ಬಕ್ಸ್‌ಗೆ ಈ ಸೋಲಿನಿಂದ ನಷ್ಟವೇನೂ ಆಗಲಿಲ್ಲ. ಕತೆಯಲ್ಲಿ ಕೆಟ್ಟವರಾಗಿ ಬಂದಿದ್ದರು, ಬೈಸಿಕೊಂಡು ಹೋದರು. ಅವರ ಕೆಲಸ ಅದೇ ಆಗಿತ್ತು.

ಸೀನಾದು 2025ರ ಡಿಸೆಂಬರ್ 13, ವಾಷಿಂಗ್ಟನ್. ಎದುರಾಳಿ ಗುಂತರ್. ಸೀನಾ ಕುತ್ತಿಗೆ ಅಮುಕುವ ಸ್ಲೀಪರ್ ಹಿಡಿತದಲ್ಲಿ ಸಿಕ್ಕಿ, ಮುಖದಲ್ಲಿ ನಗು ತಂದುಕೊಂಡು, ಟ್ಯಾಪ್ ಮಾಡಿ, ಅಂದರೆ ಸಾಕು ಅಂತ ಕೈ ತಟ್ಟಿ ಸೋತರು. ಜನ ಸಿಟ್ಟಾದರು. ನಮ್ಮ ಕಡೆಯೂ ಅತ್ತವರಿದ್ದಾರೆ. ಸೀನಾ ಸೋತಿದ್ದು ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ಹೋಗುವವರು ಸೋತು ಹೋಗಬೇಕು, ಅದು ಈ ಕಸುಬಿನ ಹಳೆಯ ಪದ್ಧತಿ. ಗುಂತರ್‌ನಂಥವನ ಕೈಲಿ ಸೋಲುವುದಂತೂ ಮರ್ಯಾದೆಯೇ. ತೊಂದರೆ ಇರುವುದು ಅಲ್ಲಿಗೆ ಬಂದ ದಾರಿಯಲ್ಲಿ. ಇಪ್ಪತ್ತು ವರ್ಷ 'ಬಿಟ್ಟುಕೊಡಬೇಡ' ಅಂತ ಟೀ ಶರ್ಟ್ ಮೇಲೆ ಬರೆದುಕೊಂಡು ಬಂದ ಮನುಷ್ಯ ಕೊನೆಗೆ ಬಿಟ್ಟುಕೊಡುತ್ತಾನೆ ಅಂದರೆ ಅದು ದೊಡ್ಡ ಕತೆ. ಆ ಕತೆಯನ್ನು ವರ್ಷವಿಡೀ ಕಟ್ಟಬೇಕಿತ್ತು.

ಕಟ್ಟಿದ್ದು ಏನು? ಮಾರ್ಚ್‌ನಲ್ಲಿ ಟೊರಾಂಟೋದಲ್ಲಿ ಸೀನಾ ಆಗಿನ ಚಾಂಪಿಯನ್ ಕೋಡಿ ರೋಡ್ಸ್‌ಗೆ ಮೋಸ ಮಾಡಿ, ಹಾಲಿವುಡ್ ನಟನೂ ಆದ ರಾಕ್ ಜೊತೆ ಸೇರಿ ಕೆಟ್ಟವರಾದರು. ಏಪ್ರಿಲ್‌ನ ರೆಸಲ್‌ಮೇನಿಯಾ 41ಕ್ಕೆ ರಾಕ್ ಬರಲೇ ಇಲ್ಲ. ಹಾಡುಗಾರ ಟ್ರಾವಿಸ್ ಸ್ಕಾಟ್ ಅಡ್ಡ ಬಂದು, ಸೀನಾ 17ನೇ ಸಲ ಚಾಂಪಿಯನ್ ಆಗಿ ಫ್ಲೇರ್ ದಾಖಲೆ ಮುರಿದರು. ಯಾವ ದಾಖಲೆಗಾಗಿ ಇಷ್ಟು ವರ್ಷ ಕಾದೆವೋ, ಅದು ಇಂಥ ಮ್ಯಾಚಿನಲ್ಲಿ ಬಂತು. ಆಗಸ್ಟ್‌ನ ಸಮರ್‌ಸ್ಲ್ಯಾಮ್‌ಗೆ ಒಂದು ದಿನ ಮೊದಲು ಮತ್ತೆ ಒಳ್ಳೆಯವರಾದರು. ಸಮರ್‌ಸ್ಲ್ಯಾಮ್‌ನಲ್ಲಿ ಕೋಡಿ ಜೊತೆ ಆಡಿದ ಮ್ಯಾಚ್ ಮಾತ್ರ ಆ ವರ್ಷದ ಒಳ್ಳೆಯ ಮ್ಯಾಚುಗಳಲ್ಲಿ ಒಂದು. ಸೋತರೂ ಅಲ್ಲಿ ಅವರ ಬೆಲೆ ಏರಿತು. ಮುಂದಿನ ತಿಂಗಳೇ ಬ್ರಾಕ್ ಲೆಸ್ನರ್ ಕೈಲಿ ಸುಲಭವಾಗಿ ಸೋಲಿಸಿ ಅದನ್ನೂ ಕಳೆದರು. ಹೀಗೆ ಆ ಕಡೆ ಈ ಕಡೆ ಎಳೆದಾಡಿದ ಮೇಲೆ, ಕೊನೆಯ ಆ ನಗುವಿನ ಅರ್ಥ ಏನು ಅಂತ ನೋಡುವವರಿಗೆ ಹೇಗೆ ತಿಳಿಯಬೇಕು? ದಣಿದ ಸೀನಾ ನಿಧಾನಕ್ಕೆ ಬಿಟ್ಟುಕೊಡೋದನ್ನು ಕಲಿಯುವ ಕತೆಯನ್ನು ಮಾರ್ಚ್‌ನಿಂದಲೇ ಹೇಳಿದ್ದರೆ, ಅದೇ ಟ್ಯಾಪ್‌ಗೆ ಇಡೀ ಸಭಾಂಗಣ ಎದ್ದು ನಿಲ್ಲುತ್ತಿತ್ತು.

ತಾನಾಹಾಶಿಯದು 2026ರ ಜನವರಿ 4, ಟೋಕಿಯೋ ಡೋಮ್. ಎದುರಾಳಿ ಕಜುಚಿಕಾ ಒಕಾಡಾ. 2012ರಲ್ಲಿ ತಾನಾಹಾಶಿಯಿಂದ ಬೆಲ್ಟ್ ಕಿತ್ತುಕೊಂಡು ಒಂದೇ ರಾತ್ರಿಯಲ್ಲಿ ದೊಡ್ಡವನಾದ ಹುಡುಗ ಈ ಒಕಾಡಾ. 2024ರಲ್ಲಿ ಕಂಪನಿ ಬಿಟ್ಟು ಎಇಡಬ್ಲ್ಯೂ ಸೇರಿದ್ದ. ಗುರುವಿನಂಥ ಎದುರಾಳಿಯನ್ನು ಕಳಿಸಿಕೊಡಲು ವಾಪಸ್ ಬಂದ, ಗೆದ್ದ. ಈ ಮ್ಯಾಚಿಗೆ ಬೆಲ್ಟ್ ಬೇಕಾಗಲಿಲ್ಲ, ಯಾರೂ ಅಡ್ಡ ಬರಬೇಕಾಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಹಾಕಿದ ಜೋಡಿ ಅದು. 49ರ ತಾನಾಹಾಶಿ ಸೋತರು, ಅವರ ಬೆಲೆ ಒಂದು ಪೈಸೆಯೂ ಇಳಿಯಲಿಲ್ಲ.

ನನ್ನ ಲೆಕ್ಕದಲ್ಲಿ ತಾನಾಹಾಶಿ ಮೊದಲು, ಸ್ಟಿಂಗ್ ಎರಡನೆಯದು, ಸೀನಾ ಮೂರನೆಯದು. ಸೀನಾ ನಾನು ಚಿಕ್ಕಂದಿನಿಂದ ಪ್ರೀತಿಸಿದ ಆಟಗಾರ. ಅದಕ್ಕೇ ಇದು ನೋವು.

ಡಬ್ಲ್ಯೂಡಬ್ಲ್ಯೂಇ: ನಿಧಾನವಾಗಿ ಕಟ್ಟಿದಾಗ ಇದಕ್ಕೆ ಸಾಟಿ ಇಲ್ಲ

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು. ರೋಮನ್ ರೇನ್ಸ್ 2020ರ ಆಗಸ್ಟ್‌ನಿಂದ 2024ರ ಏಪ್ರಿಲ್‌ವರೆಗೆ, 1,316 ದಿನ ಚಾಂಪಿಯನ್ ಆಗಿದ್ದ ಕತೆಯಷ್ಟು ದೊಡ್ಡದನ್ನು ಬೇರೆ ಯಾರೂ ಈಚೆಗೆ ಹೇಳಿಲ್ಲ. ಮನೆತನ, ಅಣ್ಣತಮ್ಮಂದಿರ ಜಗಳ, ದೊಡ್ಡವನ ದರ್ಪ, ಚಿಕ್ಕವನ ಅಸಮಾಧಾನ. ನಮ್ಮ ಹಳ್ಳಿ ಮನೆಗಳಲ್ಲಿ ಕೂತು ನೋಡಿದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದರಲ್ಲಿ ಸೋಲುಗಳನ್ನು ಬಳಸಿದ ರೀತಿ ನೋಡಿ. 2023ರ ಫೆಬ್ರವರಿಯಲ್ಲಿ ಸ್ಯಾಮಿ ಝೇನ್ ತನ್ನ ಊರು ಮಾಂಟ್ರಿಯಲ್‌ನಲ್ಲಿ ರೋಮನ್ ಕೈಲಿ ಸೋತ. ಗೆಲ್ಲಬೇಕಿತ್ತು ಅಂತ ಎಲ್ಲರೂ ಕೂಗಿದರು. ಆದರೆ ಆ ಸೋಲಿನಿಂದ ಸ್ಯಾಮಿ ಇನ್ನೂ ದೊಡ್ಡವನಾದ. ಏಪ್ರಿಲ್‌ನಲ್ಲಿ ಕೆವಿನ್ ಓವೆನ್ಸ್ ಜೊತೆ ಸೇರಿ ರೋಮನ್ ಮನೆತನದವರೇ ಆದ ಊಸೋ ಸಹೋದರರನ್ನು ರೆಸಲ್‌ಮೇನಿಯಾದ ಮೊದಲ ರಾತ್ರಿಯ ಕೊನೆಯ ಮ್ಯಾಚಿನಲ್ಲಿ ಸೋಲಿಸಿದ. ಮಾರನೇ ರಾತ್ರಿ ರೋಮನ್ ಕಡೆಯ ಸೋಲೋ ಸಿಕೋವಾ ಅಡ್ಡ ಬಂದು ಕೋಡಿ ರೋಮನ್ ಕೈಲಿ ಸೋತ. ಆಗ ತುಂಬಾ ಜನಕ್ಕೆ ಅದು ಅನ್ಯಾಯ ಅನ್ನಿಸಿತು. ನನಗೆ ಆಲೆಮನೆಯ ಕೊಪ್ಪರಿಗೆ ನೆನಪಾಗುತ್ತದೆ. ಪಾಕ ಬೇಗ ಇಳಿಸಿದರೆ ಬೆಲ್ಲ ಗಟ್ಟಿ ಆಗುವುದಿಲ್ಲ, ತಡವಾದರೆ ಸೀದು ಹೋಗುತ್ತದೆ. ಒಂದು ವರ್ಷ ಕಾಯಿಸಿ, 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಕೋಡಿಯನ್ನು ಗೆಲ್ಲಿಸಿದಾಗ ಪಾಕ ಹದಕ್ಕೆ ಬಂದಿತ್ತು. ಅದೇ ಕೈಗಳು ಸೀನಾ ವಿಷಯದಲ್ಲಿ ಒಲೆಗೆ ಉರಿಯನ್ನೇ ಸರಿಯಾಗಿ ಹಾಕಲಿಲ್ಲ.

ಇನ್ನು ಗುಂತರ್. ನಾಡಕುಸ್ತಿ ಇಷ್ಟಪಡುವವರು ಡಬ್ಲ್ಯೂಡಬ್ಲ್ಯೂಇಯಲ್ಲಿ ಒಬ್ಬನನ್ನೇ ನೋಡುವುದಾದರೆ ಇವನನ್ನು ನೋಡಬೇಕು. ಕುಣಿತ ಇಲ್ಲ, ಸುಮ್ನೆ ಮಾತಿಲ್ಲ. ಎದೆಗೆ ಏಟು, ಹಿಡಿತ, ದಮ್ಮು. 2022ರ ಜೂನ್‌ನಿಂದ 666 ದಿನ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಆಗಿದ್ದ. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ಶೇಮಸ್ ಇವನ ಕೈಲಿ ಸೋತ. ಸೋತ ಶೇಮಸ್‌ಗೆ ಸ್ಟೇಡಿಯಂನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವರ್ಷಗಟ್ಟಲೆ ಸುಮ್ಮನೆ ಬಂದು ಹೋಗುತ್ತಿದ್ದವನಿಗೆ ಒಂದೇ ಸೋಲಿನಿಂದ ಹೊಸ ಜೀವ ಬಂತು.

ಹಾಗಾದರೆ ವಾರದ ಶೋ ಯಾಕೆ ಬೇಡ ಅಂತೀನಿ? ರಾ, ಸ್ಮ್ಯಾಕ್‌ಡೌನ್ ಎರಡರಲ್ಲೂ ಮ್ಯಾಚುಗಳು ಜಾಸ್ತಿ ಸಲ ಯಾರೋ ಅಡ್ಡ ಬಂದು ಅರ್ಧಕ್ಕೆ ಮುಗಿಯುತ್ತವೆ. ದೊಡ್ಡ ಶೋಗೆ ಜನರನ್ನು ಎಳೆಯಬೇಕಲ್ವಾ, ಅದಕ್ಕೆ ಇಲ್ಲಿ ಯಾವುದನ್ನೂ ತೀರ್ಮಾನಕ್ಕೆ ತರುವುದಿಲ್ಲ. ರೆಸಲ್‌ಮೇನಿಯಾ, ರಾಯಲ್ ರಂಬಲ್, ಸಮರ್‌ಸ್ಲ್ಯಾಮ್ ಇಷ್ಟು ನೋಡಿ. ನಡುವಿನ ಕತೆಯನ್ನು ಶೋ ಶುರುವಿನಲ್ಲಿ ಅವರೇ ವಿಡಿಯೋ ಮಾಡಿ ತೋರಿಸುತ್ತಾರೆ.

ಭಾರತದ ಹೆಸರಿಗೆ ಮರುಳಾಗಬೇಡಿ ಅಂತಲೂ ಹೇಳಬೇಕು. 2007ರಲ್ಲಿ ಖಲಿ ವರ್ಲ್ಡ್ ಚಾಂಪಿಯನ್ ಆದಾಗ ಕುಣಿದವರಲ್ಲಿ ನಾವೂ ಇದ್ದೆವು. 2017ರ ಮೇ ತಿಂಗಳಲ್ಲಿ ಭಾರತ ಮೂಲದ ಜಿಂದರ್ ಮಹಲ್ ಚಾಂಪಿಯನ್ ಆಗಿದ್ದ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿದ. ಅದಕ್ಕೆ ಮೊದಲು ಅವನು ವಾರವಾರ ಸೋಲುತ್ತಿದ್ದವನು. ತಳಪಾಯ ಹಾಕದೆ ಮಹಡಿ ಕಟ್ಟಿದರು. ನವೆಂಬರ್‌ನಲ್ಲಿ ಎಜೆ ಸ್ಟೈಲ್ಸ್ ಬೆಲ್ಟ್ ತೆಗೆದುಕೊಂಡ ಮೇಲೆ ಜಿಂದರ್ ಮತ್ತೆ ಹಳೆಯ ಜಾಗಕ್ಕೇ ಹೋದ. ನಮ್ಮವರನ್ನು ಗೆಲ್ಲಿಸುವುದಾದರೆ ಗೆಲ್ಲುವ ಹಾಗೆ ಬೆಳೆಸಿ ಗೆಲ್ಲಿಸಲಿ.

ಎಇಡಬ್ಲ್ಯೂ: ಮ್ಯಾಚ್ ಮೊದಲು, ಉಳಿದದ್ದು ಆಮೇಲೆ

2019ರಲ್ಲಿ ಟೋನಿ ಖಾನ್ ಶುರು ಮಾಡಿದ ಕಂಪನಿ. ಇಲ್ಲಿ ಸಾಧಾರಣ ವಾರದ ಶೋ ಡೈನಮೈಟ್‌ನಲ್ಲೂ ಇಪ್ಪತ್ತು ನಿಮಿಷದ ಗಟ್ಟಿ ಮ್ಯಾಚ್ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಡೈನಸ್ಟಿ ಶೋನಲ್ಲಿ ವಿಲ್ ಆಸ್ಪ್ರೇ, ಬ್ರಯಾನ್ ಡೇನಿಯಲ್ಸನ್ ಆಡಿದ್ದನ್ನು ನೋಡಿ. ಒಬ್ಬನದು ಗಾಳಿಯ ವೇಗ, ಇನ್ನೊಬ್ಬನದು ಒಂದೊಂದೇ ಕೀಲು ಹಿಡಿದು ತಿರುಚುವ ತಾಳ್ಮೆ. ಅದು ನಿಜವಾದ ಜೋಡಿ. ವರ್ಷದ ಕೊನೆಗೆ ನಡೆಯುವ ಕಾಂಟಿನೆಂಟಲ್ ಕ್ಲಾಸಿಕ್ ನಮ್ಮವರಿಗೆ ತುಂಬಾ ಹಿಡಿಸುತ್ತದೆ. ಅಂಕದ ಪಟ್ಟಿ, ಗೆದ್ದರೆ 3, ಸಮವಾದರೆ 1, 20 ನಿಮಿಷದ ಮಿತಿ, ರಿಂಗ್ ಪಕ್ಕ ಯಾರೂ ಬರುವ ಹಾಗಿಲ್ಲ.

ಕೊರತೆ ಏನು? ಸಂಯಮ. 2024ರ ಅಕ್ಟೋಬರ್‌ನಲ್ಲಿ ಡೇನಿಯಲ್ಸನ್‌ನಿಂದ ಬೆಲ್ಟ್ ಕಿತ್ತುಕೊಂಡ ಜಾನ್ ಮಾಕ್ಸ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಒಂಬತ್ತು ತಿಂಗಳು ಯಾರಿಗೂ ತೋರಿಸಲಿಲ್ಲ. ನಾಲ್ಕು ತಿಂಗಳಿಗೆ ಮುಗಿಯಬೇಕಿದ್ದ ಕತೆ ಅದು. ಕೊನೆಗೆ 2025ರ ಜುಲೈ 12ರಂದು ಟೆಕ್ಸಸ್‌ನಲ್ಲಿ ಹ್ಯಾಂಗ್‌ಮನ್ ಆಡಂ ಪೇಜ್ ಗೆದ್ದು ಬೆಲ್ಟ್ ಎತ್ತಿ ಹಿಡಿದಾಗ ಮೈ ಜುಮ್ಮೆಂದಿತು ನಿಜ. ಆದರೆ ಅಲ್ಲಿವರೆಗೆ ಎಷ್ಟು ಜನ ನೋಡೋದು ಬಿಟ್ಟಿದ್ದರೋ. ಇನ್ನೊಂದು, ಆಟಗಾರರು ಜಾಸ್ತಿ. ಇವತ್ತು ಕಂಡವರು ತಿಂಗಳುಗಟ್ಟಲೆ ಕಾಣುವುದಿಲ್ಲ.

ರಕ್ತದ ವಿಷಯವನ್ನೂ ಹೇಳಿಬಿಡುತ್ತೇನೆ. 2023ರ ನವೆಂಬರ್‌ನಲ್ಲಿ ಹ್ಯಾಂಗ್‌ಮನ್, ಸ್ವರ್ವ್ ಸ್ಟ್ರಿಕ್‌ಲ್ಯಾಂಡ್ ಆಡಿದ ಟೆಕ್ಸಸ್ ಡೆತ್ ಮ್ಯಾಚನ್ನು ಮಕ್ಕಳ ಮುಂದೆ ಹಾಕಬೇಡಿ. ನಮ್ಮ ಅರಮನೆಯಲ್ಲಿ ವಿಜಯದಶಮಿಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳ ಮೊದಲ ಹನಿ ರಕ್ತ ಬಂದ ಕೂಡಲೇ ಕಾಳಗ ನಿಲ್ಲುತ್ತದೆ. ಅದಕ್ಕೇ ಆ ಒಂದು ಹನಿಗೆ ಅಷ್ಟು ಬೆಲೆ. ಎಇಡಬ್ಲ್ಯೂದಲ್ಲಿ ರಕ್ತ ಬಂದ ಮೇಲೆ ಮ್ಯಾಚ್ ಶುರುವಾಗುತ್ತದೆ. ಆಗಾಗ ಬಂದರೆ ಸರಿ, ಪದೇ ಪದೇ ಬಂದರೆ ಅದರ ಅರ್ಥ ಹೋಗುತ್ತದೆ.

ಹೆಣ್ಣುಮಕ್ಕಳ ಮ್ಯಾಚು

ಇಲ್ಲಿ ಎರಡು ಕಂಪನಿಗಳೂ ಸಮ ಸಮ. 2025ರ ಜುಲೈನಲ್ಲಿ ಡಬ್ಲ್ಯೂಡಬ್ಲ್ಯೂಇಯ ಎವಲ್ಯೂಷನ್ ಶೋನಲ್ಲಿ ಇಯೋ ಸ್ಕೈ, ರಿಯಾ ರಿಪ್ಲಿ ಆಡಿದ್ದು ಅದ್ಭುತ ಮ್ಯಾಚ್. ನಡುವೆ ನಯೋಮಿ ಬಂದು, ಯಾವಾಗ ಬೇಕಾದರೂ ಬೆಲ್ಟಿಗಾಗಿ ಇಳಿಯುವ ಹಕ್ಕು ಕೊಡುವ ಬ್ರೀಫ್‌ಕೇಸ್ ಬಳಸಿ ಬೆಲ್ಟ್ ಹೊತ್ತುಕೊಂಡು ಹೋದದ್ದು ನನಗೆ ಇಷ್ಟವಾಗಲಿಲ್ಲ. ಅಂಥ ಜೋಡಿಗೆ ಒಂದು ತೀರ್ಮಾನ ಕೊಡಬೇಕಿತ್ತು. ಎಇಡಬ್ಲ್ಯೂದಲ್ಲಿ ಟೋನಿ ಸ್ಟಾರ್ಮ್, ಮರಾಯಾ ಮೇ ನಡುವಿನ ದ್ವೇಷವನ್ನು ಶಿಷ್ಯೆ ಗುರುವಿಗೆ ಮೋಸ ಮಾಡುವುದರಿಂದ ಶುರು ಮಾಡಿ, 2025ರ ಮಾರ್ಚ್‌ನ ರೆವಲ್ಯೂಷನ್‌ವರೆಗೆ ತಂದು ಪೂರ್ತಿ ಮುಗಿಸಿದರು. ಬುಕಿಂಗ್‌ನಲ್ಲಿ ನನ್ನ ಓಟು ಇದಕ್ಕೆ. ದಸರಾ ಅಖಾಡದಲ್ಲೂ ಈಗ ಹೆಣ್ಣುಮಕ್ಕಳು ಇಳಿಯುತ್ತಾರೆ. ಅವರ ಕುಸ್ತಿ ನೋಡಿ ಬಂದ ತಂಗಿಯರಿಗೆ ಈ ಎರಡನ್ನೂ ತೋರಿಸಿ.

ಹೊತ್ತು, ಫೋನು

ಅಮೆರಿಕದ ಸೋಮವಾರ ರಾತ್ರಿಯ ರಾ ನಮಗೆ ಮಂಗಳವಾರ ಬೆಳಿಗ್ಗೆ ಐದೂವರೆಗೆ, ಚಳಿಗಾಲದಲ್ಲಿ ಆರೂವರೆಗೆ ಬರುತ್ತದೆ. ಡೈನಮೈಟ್ ಗುರುವಾರ ಬೆಳಿಗ್ಗೆ. ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿಗೋ ಟ್ರೇನು ಹಿಡಿಯುವವರು ಲೈವ್ ನೋಡೋದು ಕಷ್ಟ. ಸಂಜೆ ನೋಡುವವರು ಬೆಳಿಗ್ಗೆಯೇ ಫೋನಿನ ನೋಟಿಫಿಕೇಶನ್ ನಿಲ್ಲಿಸಿ, ಇಲ್ಲದಿದ್ದರೆ ಹಲ್ಲುಜ್ಜುವಾಗಲೇ ಫಲಿತಾಂಶ ಕಣ್ಣಿಗೆ ಬೀಳುತ್ತದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿನ ಸಂಜೆಯ ಶೋ ನಮಗೆ ಮಧ್ಯಾಹ್ನ, ಭಾನುವಾರವಾದರೆ ಊಟ ಮುಗಿಸಿ ಕೂರಬಹುದು.

ನ್ಯೂ ಜಪಾನ್: ಎಲ್ಲಿಂದ ಶುರು ಮಾಡೋದು

ಆಂಟೋನಿಯೋ ಇನೋಕಿ 1972ರಲ್ಲಿ ಕಟ್ಟಿದ ಈ ಕಂಪನಿ ಈಗ ಮೊದಲಿನಷ್ಟು ಬಲವಾಗಿಲ್ಲ. ಒಕಾಡಾ, ಆಸ್ಪ್ರೇ ಇಬ್ಬರೂ ಹೋದರು. ಆದರೂ ಬೇಸಿಗೆಯ ಜಿ1 ಕ್ಲೈಮ್ಯಾಕ್ಸ್ ಲೀಗ್, ಜನವರಿ 4ರ ಟೋಕಿಯೋ ಡೋಮ್, ಈ ಎರಡು ಸಾಕು ಇಡೀ ವರ್ಷಕ್ಕೆ. ಭಾಷೆ ಬರದಿದ್ದರೂ ತೊಂದರೆ ಇಲ್ಲ, ಮಾತು ಕಡಿಮೆ.

ಹೊಸಬರು ಒಕಾಡಾ, ಕೆನ್ನಿ ಒಮೆಗಾ ಆಡಿದ ನಾಲ್ಕು ಮ್ಯಾಚುಗಳಿಂದ ಶುರು ಮಾಡಬೇಕು. ಒಮೆಗಾ ಬಳಿ ಒಂದು ಪಟ್ಟು ಇದೆ, ಒನ್ ವಿಂಗ್ಡ್ ಏಂಜಲ್. ಹೆಗಲ ಮೇಲೆ ಕೂರಿಸಿಕೊಂಡು ತಲೆಕೆಳಗಾಗಿ ಕೆಡವುವುದು. 2017ರ ಜನವರಿ 4ರಂದು, ಮುಕ್ಕಾಲು ಗಂಟೆಗೂ ಮೀರಿದ ಮ್ಯಾಚಿನಲ್ಲಿ, ಒಕಾಡಾ ಆ ಪಟ್ಟು ಬೀಳಲು ಬಿಡುವುದೇ ಇಲ್ಲ, ಗೆಲ್ಲುತ್ತಾನೆ. ಜೂನ್ 11ರಂದು ಪಟ್ಟು ಬೀಳುತ್ತದೆ, ಒಕಾಡಾ ಕಾಲು ಹಗ್ಗದ ಮೇಲೆ ಬಿದ್ದು ಬಚಾವಾಗುತ್ತಾನೆ, 60 ನಿಮಿಷ ಮುಗಿದು ಸಮ ಆಗುತ್ತದೆ. ಆಗಸ್ಟ್ 12ರಂದು ಜಿ1ರಲ್ಲಿ ಅದೇ ಪಟ್ಟು ಬೀಳುತ್ತದೆ, ಈ ಸಲ ಒಕಾಡಾ ಏಳುವುದಿಲ್ಲ. 2018ರ ಜೂನ್ 9ರಂದು ಒಸಾಕಾದಲ್ಲಿ ಸಮಯದ ಮಿತಿಯೇ ಇಲ್ಲದೆ, ಮೂರರಲ್ಲಿ ಎರಡು ಗೆಲ್ಲಬೇಕು ಅನ್ನುವ ಷರತ್ತಿನ ಮೇಲೆ ಮತ್ತೆ ಎದುರಾಗುತ್ತಾರೆ, ಬೆಲ್ಟ್ ಒಮೆಗಾಗೆ ಹೋಗುತ್ತದೆ. ಮೊದಲ ಮ್ಯಾಚಿನಲ್ಲಿ ಒಮೆಗಾ ಸೋತು ಬೆಳೆದ, ಕೊನೆಯದರಲ್ಲಿ ಒಕಾಡಾ ಸೋತು ಬೆಳೆದ. ಒಂದೇ ಪಟ್ಟಿನ ಸುತ್ತ ಒಂದೂವರೆ ವರ್ಷದ ಬುಕಿಂಗ್. ಗರಡಿಯಲ್ಲಿ ಬೆಳೆದ ಯಾರನ್ನಾದರೂ ಪಕ್ಕ ಕೂರಿಸಿಕೊಂಡು ನೋಡಿ, ಅವರಿಗೆ ಕಾಮೆಂಟರಿ ಬೇಕಾಗುವುದಿಲ್ಲ.

ಬಿಡುವಾದಾಗ ಒಂದೊಂದೇ ನೋಡಿ. ನಾಲ್ಕನೆಯದು ಚೆನ್ನಾಗಿದೆ ಅಂತ ಕೇಳಿ ಅದನ್ನೇ ಮೊದಲು ಹಾಕಬೇಡಿ. 2025ರ ಜುಲೈನಲ್ಲಿ ಎಇಡಬ್ಲ್ಯೂದ ಆಲ್ ಇನ್‌ನಲ್ಲಿ ಇವರಿಬ್ಬರೂ ಮತ್ತೆ ಎದುರಾದರು, ಗೆದ್ದದ್ದು ಒಕಾಡಾ. ಅದನ್ನು ಈ ನಾಲ್ಕೂ ಮುಗಿದ ಮೇಲೆ ನೋಡಿ.